ಪಾವಟಿಗೆ ಯಾವ ಕಡೆ

"ಎರಡೂ ಕಡೆ ತೆಗ್ಗ ತಗಸೇನಿ ನೋಡ್ರಿ ಅಕ್ಕಾರ. ಒಂದು ಒಳಗ, ಒಂದು ಹೊರಗ. ನಾಳಿ ಮುಂಜಾನೆ ಕಾಂಕ್ರೀಟ್ ಹಾಕೂದೈತಿ. ಅಷ್ಟರಾಗ ಪಾವಟಗಿ ಎಲ್ಲಿಂದ ಅಂತ ಯಾರರ ಒಬ್ಬರು ಬಾಯಿ ಬಿಡ್ರಿ," ಎಂದು ಖಾಸಿಮಸಾಬ ಕೈಗೆ ಹತ್ತಿದ ಸುಣ್ಣದ ಪುಡಿಯನ್ನು ಲುಂಗಿಗೆ ಒರೆಸಿಕೊಂಡ.

ಗುರುಬಸವ್ವ ಎರಡೂ ತೆಗ್ಗುಗಳನ್ನು ಇಣುಕಿ ನೋಡಿದಳು. ಎರಡೂ ಒಂದೇ ಆಳ, ಒಂದೇ ಕಪ್ಪು ಮಣ್ಣು. ಒಂದು ಪಡಸಾಲೆ ಬರಬೇಕಾದ ಜಾಗದಲ್ಲಿತ್ತು, ಇನ್ನೊಂದು ಗೇಟು ಬರಬೇಕಾದ ಜಾಗದ ಪಕ್ಕದಲ್ಲಿ. ಮನೆಯ ಮಾಲೀಕರು ಬಾಯಿ ಬಿಡದಿದ್ದರೆ ಗೌಂಡಿಯಾದವನು ಇನ್ನೇನು ಮಾಡಬೇಕು?

"ಹುಡುಗರನ್ನ ಕೇಳ್ರಿ, ಸಾಬ್ರ."

"ಹುಡುಗರು ನಿಮ್ಮನ್ನ ಕೇಳ್ರಿ ಅಂತಾರ. ನೀವು ಹುಡುಗರನ್ನ ಕೇಳ್ರಿ ಅಂತೀರಿ. ಎಂಟು ದಿನ ಆತ್ರಿ ಇದು."

ಬೈಲಹೊಂಗಲದ ಹೊರಗೆ, ಹತ್ತು ವರ್ಷದ ಹಿಂದೆ ಹತ್ತಿ ಬೆಳೆಯುತ್ತಿದ್ದ ಹೊಲ ಅದು. ಈಗ ನಂಬರು ಬರೆದ ಬಿಳಿ ಕಲ್ಲುಗಳ ಲೇಔಟ್ ಆಗಿತ್ತು. ನಲವತ್ತೊಂದನೆಯ ಪ್ಲಾಟು ಗುರುಬಸವ್ವನವರದು. ಪಾಲಾದಾಗ ಸಿರಸಂಗಿಯ ಹಳೆಯ ಮನೆ ಮೈದುನ ಸಿದ್ದರಾಮನಿಗೆ ಹೋಯಿತು. ಇವರಿಗೆ ಬಂದ ಊರಿನ ಹೊಲ ರಸ್ತೆಗೆ ಹೊಂದಿಕೊಂಡಿದ್ದರಿಂದ ಒಳ್ಳೆಯ ಬೆಲೆಗೆ ಮಾರಿಹೋಯಿತು, ಆ ದುಡ್ಡಿನಲ್ಲಿ ಈ ಪ್ಲಾಟು ಬಂತು. ಗಂಡ ತೀರಿಕೊಂಡ ಮೇಲೆ ಆಕೆ ಇಬ್ಬರು ಮಕ್ಕಳ ಜೊತೆ ಪೇಟೆಗೆ ಬಂದು ಬಾಡಿಗೆ ಮನೆಯಲ್ಲಿದ್ದಳು. ಹಿರಿಯ ಮಗ ವಿಜಯ ಸೊಸೈಟಿಯಲ್ಲಿ ಕ್ಲಾರ್ಕ್, ಅವನ ಹೆಂಡತಿ ರಾಣಿ. ಕಿರಿಯ ಮಗ ಮಧುವಿನದು ಪೈಪು, ಮೋಟಾರಿನ ಅಂಗಡಿ. ಅವನ ಹೆಂಡತಿ ಪೂನಮ್ ಬಂದು ಇನ್ನೂ ಎರಡು ವರ್ಷ.

ಪಾವಟಿಗೆಯ ಮಾತು ಯಾಕೆ ಇಷ್ಟು ಭಾರವಾಗಿತ್ತು ಎಂಬುದು ಖಾಸಿಮಸಾಬನಿಗೆ ಎಂಜಿನಿಯರನಿಗಿಂತ ಚೆನ್ನಾಗಿ ಗೊತ್ತಿತ್ತು. ಮೆಟ್ಟಿಲು ಒಳಗಿದ್ದರೆ ಮೇಲಿನವರು ಇಳಿದು ಬರುವುದು ಪಡಸಾಲೆಗೆ. ಒಂದೇ ಮುಂಬಾಗಿಲು, ಒಂದೇ ಒಲೆ, ಕರೆಂಟಿಗೆ ಒಂದೇ ಮೀಟರು. ಮೆಟ್ಟಿಲು ಹೊರಗಿದ್ದರೆ ಮೇಲಿನದು ಬೇರೆ ಮನೆ. ಇವತ್ತಲ್ಲದಿದ್ದರೆ ನಾಳೆ ಅಣ್ಣತಮ್ಮಂದಿರು ಬೇರೆಯಾಗಬಹುದು, ಇಲ್ಲವೇ ಬಾಡಿಗೆಗೆ ಕೊಡಬಹುದು. ಅವನು ಕರಣೆ ಹಿಡಿದ ಹೊಸದರಲ್ಲಿ ಊರಲ್ಲಿ ಯಾರೂ ಮೆಟ್ಟಿಲನ್ನು ಹೊರಗೆ ಇಡಿಸುತ್ತಿರಲಿಲ್ಲ. ಈಗ ಹತ್ತು ಮನೆ ಕಟ್ಟಿದರೆ ಏಳರಲ್ಲಿ ಹೊರಗೇ. ಸಾಲ ಕೊಡುವ ಬ್ಯಾಂಕಿನವರೂ ಮೇಲಿನ ಮನೆಗೆ ಬಾಡಿಗೆ ಎಷ್ಟು ಬರುತ್ತದೆಂದು ಮೊದಲು ಕೇಳುತ್ತಾರೆ. ಆದರೂ ತಾಯಿಯ ಎದುರು "ಹೊರಗೆ" ಎನ್ನುವ ಮಾತು ಮಕ್ಕಳ ಬಾಯಿಂದ ಸುಲಭವಾಗಿ ಬರುವಂಥದ್ದಲ್ಲ. ಎಂಜಿನಿಯರ್ ಕೂಡ ಜಾಣ. ಪ್ಲಾನಿನಲ್ಲಿ ಎರಡೂ ಕಡೆ ಚುಕ್ಕೆ ಗೆರೆ ಹಾಕಿ ಕೈ ತೊಳೆದುಕೊಂಡಿದ್ದ.

ಹಾಗೆಂದು ಮಕ್ಕಳು ಸುಮ್ಮನೆ ಕೂತಿರಲಿಲ್ಲ. ಸೋಮವಾರ ವಿಜಯ ಫೋನು ಮಾಡಿದ್ದ. "ಸಾಬ್ರ, ಪಾವಟಗಿ ಹೊರಗ ಇಟ್ಟಬಿಡ್ರಿ. ಆದ್ರ ನಾ ಹೇಳಿದೆ ಅನ್ನಬ್ಯಾಡ್ರಿ. ಎಂಜಿನಿಯರ್ ಅಂದ ಅಂತ ಹೇಳ್ರಿ." ಮಂಗಳವಾರ ಮಧು ಫೋನು ಮಾಡಿದ. "ಹೊರಗ ಇಡೂದು ಛಲೋರಿ ಸಾಬ್ರ. ವಾಸ್ತು ಪ್ರಕಾರ ಒಳಗ ಬರೂದಿಲ್ಲ ಅಂತ ಅವ್ವಗ ನೀವ ಹೇಳ್ರಿ. ನನ್ನ ಹೆಸರು ಬ್ಯಾಡ." ಬುಧವಾರ ಯಾರೂ ಫೋನು ಮಾಡಲಿಲ್ಲ. ಖಾಸಿಮಸಾಬ ಎರಡೂ ಕಡೆ ತೆಗ್ಗು ತೆಗೆಸಿದ್ದು ಅವತ್ತೇ. ಐವತ್ತೆಂಟು ವರ್ಷದ ಮುಸಲ್ಮಾನ ಗೌಂಡಿ ಲಿಂಗಾಯತರ ಮನೆಯಲ್ಲಿ ವಾಸ್ತು ಹೇಳಿಕೊಡುವುದೆಂದರೆ ಅವನಿಗೇ ನಗು ಬರುವಂತಿತ್ತು.

ಗುರುಬಸವ್ವ ಮಧ್ಯಾಹ್ನ ಬಾಡಿಗೆ ಮನೆಗೆ ಬಂದು ಮೆಂತ್ಯೆಸೊಪ್ಪು ಸೋಸುತ್ತ ಕೂತಳು. ಎಲ್ಲರೂ ತನ್ನ ಬಾಯಿ ನೋಡುತ್ತಿರುವುದು ಆಕೆಗೆ ಗೊತ್ತಿತ್ತು. ಮನೆ ಒಡೆಯುವುದನ್ನು ನೋಡಿ ಅವ್ವ ಕುಗ್ಗಿಹೋಗುತ್ತಾಳೆ ಎಂದು ಅವರೆಲ್ಲ ತಾವೇ ತೀರ್ಮಾನಿಸಿಬಿಟ್ಟಿದ್ದರು. ನಿನಗೇನು ಬೇಕು ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ.

ಆಕೆಗೆ ಬೇಕಾದದ್ದು ಒಂದು ಬಾಗಿಲು. ಹತ್ತೊಂಬತ್ತನೆಯ ವರ್ಷಕ್ಕೆ ಸಿರಸಂಗಿಯ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆಕೆಯ ಟ್ರಂಕು ಒಂದು ಕಡೆ ನಿಂತದ್ದಿಲ್ಲ. ಮೈದುನನ ಮದುವೆಯಾದಾಗ ಅಟ್ಟದ ಕೋಣೆಯಿಂದ ನಡುಮನೆಗೆ ಬಂತು, ಮಾವ ಹಾಸಿಗೆ ಹಿಡಿದಾಗ ನಡುಮನೆಯಿಂದ ದೇವರ ಮನೆಯ ಮೂಲೆಗೆ ಹೋಯಿತು. ಹೊರಗೆ ಕಾಲಿಡಬೇಕಾದರೆ ಪಡಸಾಲೆಯಲ್ಲಿ ಕೂತ ಗಂಡಸರ ಮುಂದೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಎಲ್ಲಿಗೆ ಎಂದು ಹೇಳಿ ಹೋಗಬೇಕು. ಈಗ ಮಾವನಿಲ್ಲ, ಸೆರಗು ಯಾರೂ ಕೇಳುವುದಿಲ್ಲ. ಆದರೂ ಹೊಲದಲ್ಲಿ ಜೊತೆಗೆ ಕಳೆ ತೆಗೆದ ಬಾಯವ್ವ ಊರಿಂದ ನೋಡಲು ಬಂದರೆ ಸೋಫಾ ಕಂಡು ಹೊಸ್ತಿಲಲ್ಲೇ ನಿಂತು, ಚಹಾ ಸಹ ಕುಡಿಯದೆ ಹೋಗುತ್ತಾಳೆ. ತನ್ನದೊಂದು ಖೋಲಿ, ತನಗೆ ಬೇಕಾದಾಗ ತೆಗೆದು ಹಾಕುವ ಬಾಗಿಲು, ಯಾರು ಬಂದರು ಯಾರು ಹೋದರು ಎಂದು ಲೆಕ್ಕ ಕೊಡದೆ ಕಾಸಿಕೊಳ್ಳುವ ಒಂದು ಬಟ್ಟಲು ಚಹಾ. ಅರವತ್ತೆರಡು ವರ್ಷಕ್ಕೆ ಇದು ದೊಡ್ಡ ಆಸೆಯೇನಲ್ಲ ಎಂದು ಆಕೆಗೆ ಅನಿಸಿತು. ನಾಳೆ ಹೇಳಿಬಿಡುವುದೆಂದು ನಿಶ್ಚಯಿಸಿದಳು. ಮನಸ್ಸು ಹಗುರಾಗಿ, ಸೊಪ್ಪನ್ನು ಎರಡು ಸಲ ಸೋಸಿದಳು.

ಮರುದಿನ ಬೆಳಿಗ್ಗೆ ಎಲ್ಲರೂ ಪ್ಲಾಟಿನಲ್ಲಿದ್ದರು. ಕಾಂಕ್ರೀಟ್ ಕಲಸುವ ಮಶೀನು ಬಂದು ನಿಂತಿತ್ತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿ ಕಡೆಗೆ ಒಂದರ ಹಿಂದೊಂದು ಹೊರಟಿದ್ದವು. ಅವುಗಳ ಸದ್ದು ಇಳಿಯುವವರೆಗೆ ಕಾದು ಗುರುಬಸವ್ವ ಮಾತಾಡಿದಳು.

"ಸಾಬ್ರ, ಪಾವಟಗಿ ಹೊರಗ ಇಡ್ರಿ. ಮ್ಯಾಲ ನಾ ಇರತೇನಿ. ನನಗ ಒಂದ ಖೋಲಿ ಸಾಕು. ಮೂಡಲ ಕಿಡಕಿ ಹಂತೇಕ ಒಂದ ಸಣ್ಣ ಒಲಿಕಟ್ಟಿ ಮಾಡ್ರಿ. ಇವರೆಲ್ಲಾ ಕೆಳಗ ಆರಾಮ ಇರಲಿ."

ವಿಜಯನ ಮುಖ ಕೆಂಪಾಯಿತು.

"ಅವ್ವಾ, ಇಂಥಾ ಮಾತ ಯಾಕ ಆಡತಿ? ನಿನ್ನ ಒಬ್ಬಾಕಿನ್ನ ಮ್ಯಾಲ ಹಾಕಿ ನಾವು ಕೆಳಗ ಉಣ್ಣೂವಷ್ಟು ಕೆಟ್ಟವರಾಗೇವೇನು?"

"ಸಿಟ್ಟಿಲೆ ಅಂದಿಲ್ಲೋ ಯಪ್ಪಾ. ಖರೇನ ಅಂದೇನಿ."

ತೊಂದರೆ ಆದದ್ದು ಅಲ್ಲೇ. ಸಿಟ್ಟು ಬಂದ ತಾಯಂದಿರು ಹೇಳುವುದೂ ಅದೇ ಮಾತು, ಅದೇ ದನಿ. ಸಿರಸಂಗಿಯ ಮನೆಯಲ್ಲಿ ಅಜ್ಜಿ ಹೀಗೇ ಚುಚ್ಚಿ ಮಾತಾಡುವುದನ್ನು ಕೇಳುತ್ತ ಬೆಳೆದ ಹುಡುಗರು ಇವರು. ಮಧು ತಲೆ ತಗ್ಗಿಸಿದ. ತನ್ನ ಫೋನಿನ ವಿಷಯ ತಾಯಿಗೆ ತಿಳಿದುಬಿಟ್ಟಿದೆ ಎಂದುಕೊಂಡು ಖಾಸಿಮಸಾಬನ ಕಡೆ ಕಳ್ಳನೋಟ ನೋಡಿದ. ಅಣ್ಣನೂ ಅದೇ ಹೊತ್ತಿಗೆ ಅದೇ ನೋಟ ನೋಡಿದ. ಖಾಸಿಮಸಾಬ ಮಶೀನಿನ ಚಕ್ರವನ್ನು ಪರೀಕ್ಷಿಸತೊಡಗಿದ.

"ಪಾವಟಗಿ ಒಳಗ, ಸಾಬ್ರ," ಎಂದ ವಿಜಯ. "ಇದು ಒಂದ ಮನಿ. ಅವ್ವ ಇರೂತನಕ ಒಂದ ಮನಿ."

"ಹೌದು, ಒಳಗ," ಎಂದ ಮಧು. ಬಾಗಿ ತಾಯಿಯ ಕಾಲು ಮುಟ್ಟಿದ. ರಾಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಛಲೋ ಆತು," ಎಂದಳು ಪೂನಮ್. ಹೇಳುವಾಗ ಗೇಟಿನ ಪಕ್ಕದ ತೆಗ್ಗನ್ನೇ ನೋಡುತ್ತಿದ್ದಳು.

ಕೂಲಿಯವರು ಸಲಿಕೆ ಎತ್ತುವ ಮೊದಲೇ ಅಣ್ಣತಮ್ಮ ಇಬ್ಬರೂ ಅಂಗಿಯ ತೋಳು ಮಡಚಿ ಹೊರಗಿನ ತೆಗ್ಗಿಗೆ ಮಣ್ಣು ತಳ್ಳತೊಡಗಿದರು. ವಿಜಯನ ಸೊಸೈಟಿಯ ಅಂಗಿ ಬೆವರಿನಿಂದ ತೊಯ್ದಿತು. ಮಧು ಏನೋ ಚೇಷ್ಟೆ ಮಾಡಿದ, ಅಣ್ಣ ಜೋರಾಗಿ ನಕ್ಕ. ಗುರುಬಸವ್ವನಿಗೆ ಅಳು ಬಂತು. ಮಕ್ಕಳು ಜೊತೆಯಾಗಿ ನಗುವುದನ್ನು ಎಷ್ಟೋ ವರ್ಷದ ಮೇಲೆ ಕಂಡ ಸುಖವೂ ಅದರಲ್ಲಿತ್ತು, ತನ್ನ ಬಾಗಿಲು ಮುಚ್ಚಿಹೋದ ಸಂಕಟವೂ ಇತ್ತು. ನೋಡಿದವರು ಸುಖವನ್ನಷ್ಟೇ ಕಂಡರು.

ಚಹಾದ ಹೊತ್ತಿಗೆ ಖಾಸಿಮಸಾಬ ಬಟ್ಟಲು ಹಿಡಿದು ಆಕೆ ಕೂತ ಸಿಮೆಂಟು ಚೀಲಗಳ ಹತ್ತಿರ ಬಂದ.

"ಅಕ್ಕಾರ, ನೀವು ಖರೇನ ಅಂದಿದ್ರಿ. ಹೌದಿಲ್ರಿ?"

"ನಿಮಗ ಹ್ಯಾಂಗ ಗೊತ್ತಾತು?"

"ಸಿಟ್ಟಾದವರು ಒಲಿಕಟ್ಟಿ ಯಾವ ಕಿಡಕಿ ಹಂತೇಕ ಅಂತ ಹೇಳೂದಿಲ್ರಿ."

ಗುರುಬಸವ್ವ ನಕ್ಕಳು. "ನನಗ ಒಂದ ಬಾಗಲಾ ಬೇಕಾಗಿತ್ತು ಸಾಬ್ರ. ಅಷ್ಟ."

"ಹೇಳ್ಲೇನ್ರಿ ಅವರಿಗೆ?"

"ಬ್ಯಾಡ್ರಿ. ನೋಡ್ರಲ್ಲೆ, ಇಬ್ಬರೂ ಕೂಡಿ ಮಣ್ಣ ಹಾಕಾಕ ಹತ್ತ್ಯಾರ. ಈಗ ನಾ ಬಾಯಿ ತಗದ್ರ ಮತ್ತ ಸಿಟ್ಟ ಅಂತ ತಿಳೀತಾರ."

ಎರಡು ಫೋನುಗಳ ಮಾತು ಖಾಸಿಮಸಾಬನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಪಾವಟಿಗೆ ಇನ್ನೊಂದು ತಾಸಿನಲ್ಲಿ ಹೊರಗೆ ಬಂದೀತು. ಆದರೆ ಮಕ್ಕಳು ಕದ್ದುಮುಚ್ಚಿ ಬಯಸಿದ್ದು ಅದೇ ಎಂದು ತಿಳಿದ ಮೇಲೆ ಈ ತಾಯಿಗೆ ಇವತ್ತಿನ ಈ ನಗೆಯೂ ಉಳಿಯುವುದಿಲ್ಲ. ಅವನು ಚಹಾದ ಜೊತೆ ಆ ಮಾತನ್ನೂ ನುಂಗಿ ಎದ್ದ. ಮನೆಯವರೆಲ್ಲ ಹೊರಗೆ ಬೇಕೆಂದ ಪಾವಟಿಗೆ ಹೀಗೆ ಒಳಗೆ ಬಂತು.

ಗೋಡೆಗಳು ಏಳುವ ಹೊತ್ತಿಗೆ ಬೇಸಿಗೆ ಜೋರಾಗಿತ್ತು. ಗುರುಬಸವ್ವನ ಖೋಲಿ ಕೆಳಗೆ, ದೇವರ ಮನೆಯ ಪಕ್ಕ. ಮೊಣಕಾಲು ನೋವಿನವರಿಗೆ ಅನುಕೂಲ ಎಂದು ಎಲ್ಲರೂ ಒಪ್ಪಿದ್ದರು. ಒಂದು ದಿನ ಆಕೆ ಕೆಲಸ ನೋಡಲು ಬಂದಾಗ ಖಾಸಿಮಸಾಬ ಆ ಖೋಲಿಯ ಕಿಟಕಿಯ ಹತ್ತಿರ ಒಬ್ಬನೇ ಇದ್ದ. ಬೇರೆ ಕಿಟಕಿಗಳನ್ನು ಆಳುಗಳಿಗೆ ಬಿಟ್ಟಿದ್ದ, ಇದನ್ನು ತಾನೇ ಹಿಡಿದಿದ್ದ.

"ಇಲ್ಲಿ ನೋಡ್ರಿ ಅಕ್ಕಾರ," ಎಂದು ದನಿ ತಗ್ಗಿಸಿದ. "ಇದರ ಅಗಲ ಮೂರು ಫೂಟ ಮ್ಯಾಲ ಆರಿಂಚು, ಬಾಗಲಾದ್ದ ಅಳತಿ. ಈ ಕಿಡಕಿ ಬುಡಕಿನ ಇಟಗಿ ಆಚೀಚಿ ಗ್ವಾಡಿಗೆ ಹಲ್ಲ ಹಚ್ಚಿಲ್ಲ, ಬಿಡಿ ಬಿಟ್ಟೇನಿ. ನಡುವ ಕಬ್ಬಿಣದ ಬೆಲ್ಟೂ ಹಾಯಿಸಿಲ್ಲ. ಯಾವತ್ತರ ಬಾಗಲಾ ಬೇಕನಿಸಿದ್ರ ಕರೀರಿ. ನಾ ಇಲ್ಲಂದ್ರ ನನ್ನ ಮಗ ರಮೀಜನ್ನ ಕರೀರಿ, ಅವಗೂ ಹೇಳಿಟ್ಟೇನಿ. ಅರ್ಧಾ ದಿನದ ಕೆಲಸ. ಕಿಡಕಿ ತಗದು ಈ ಇಟಗಿ ಕಿತ್ತರ ಆತು, ಮ್ಯಾಲಿನ ಸ್ಲ್ಯಾಬಿಗೆ ಕೂದಲಷ್ಟೂ ಏನಾಗೂದಿಲ್ಲ."

ಗುರುಬಸವ್ವ ಹಸಿ ಇಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಮನೆಯ ಜನಕ್ಕೆ ತಿಳಿಯದ್ದು ಈ ಮನುಷ್ಯನಿಗೆ ತಿಳಿಯಿತಲ್ಲ ಎಂದು ಕೃತಜ್ಞತೆಯಿಂದ ಎದೆ ತುಂಬಿತು. ಮರುದಿನ ಅವನಿಗೆಂದು ಬುತ್ತಿ ಕಟ್ಟಿ ತಂದಳು, ಅಷ್ಟೇ.

ಶ್ರಾವಣದಲ್ಲಿ ಗೃಹಪ್ರವೇಶವಾಯಿತು. ಸಿರಸಂಗಿಯಿಂದ ನೆಂಟರು ಎರಡು ಗಾಡಿ ಬಂದಿದ್ದರು. ಹೋಳಿಗೆಯ ಊಟ ಮುಗಿಸಿ ಸಿದ್ದರಾಮ ಎಲೆಅಡಿಕೆ ಹಾಕಿಕೊಂಡು ಮನೆಯನ್ನು ಸುತ್ತು ಹಾಕಿದ. ಪಕ್ಕದ ಸಂದಿಯಲ್ಲಿ ನಿಂತು ಕೂಗಿದ.

"ಏ ವಿಜಯಾ, ಕಿಡಕಿ ಬುಡಕ ಪಾವಟಗಿ ಇಡಿಸೀಯಲ್ಲೋ! ಯಾರು ಹತ್ತವರು?"

ನೋಡಿದರೆ ನಿಜ. ಗುರುಬಸವ್ವನ ಖೋಲಿಯ ಕಿಟಕಿಯ ಕೆಳಗೆ, ಹೊರಗಡೆ, ನಾಲ್ಕು ಅಡಿ ಅಗಲದ ಹಾಸುಗಲ್ಲೊಂದನ್ನು ಮಟ್ಟಸವಾಗಿ ಕೂಡಿಸಲಾಗಿತ್ತು. ಕಟ್ಟಡದ ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ. ನೆಂಟರು ನಕ್ಕರು.

"ಗೌಂಡಿಗೆ ವಯಸ್ಸಾತು ಕಾಕಾ," ಎಂದ ವಿಜಯ.

ಅಲ್ಲೇ ಅಂಗಳದ ಪಂಕ್ತಿಯ ಕೊನೆಯಲ್ಲಿ ಊಟ ಮಾಡುತ್ತಿದ್ದ ಖಾಸಿಮಸಾಬ ತಲೆ ಎತ್ತಿದ. "ಹೌದ್ರಿ. ಲೆಕ್ಕ ತಪ್ಪಿತು. ತಗಿ ಅಂದ್ರ ನಾಳಿ ತಗಸ್ತೇನಿ."

"ಇರಲಿ ಬಿಡ್ರಿ," ಎಂದಳು ಗುರುಬಸವ್ವ, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತ. "ನನಗ ಬಿಸಲಿಗೆ ಕೂಡಾಕ ಆತು."

ಸಂಜೆಗೆ ನೆಂಟರಲ್ಲಿ ಅರ್ಧ ಜನ ಹೋದರು. ಉಳಿದ ಗಂಡಸರು ಪಡಸಾಲೆಯ ಸೋಫಾದ ಮೇಲೆ ಹರಡಿ ಕೂತು ಪ್ಲಾಟುಗಳ ರೇಟು ಮಾತಾಡುತ್ತಿದ್ದರು. ಪೂನಮ್ ಮೇಲಿನಿಂದ ಹಾಸಿಗೆಯ ಹೊರೆ ಹೊತ್ತು ಇಳಿದಳು. ಕೊನೆಯ ಮೆಟ್ಟಿಲಿನಲ್ಲಿ ನಿಂತು, ಒಂದು ಕೈಯಿಂದ ಸೆರಗು ತಲೆಗೆಳೆದುಕೊಂಡು, ಗೋಡೆಗೆ ಒತ್ತಿಕೊಂಡು ಎಲ್ಲರನ್ನೂ ದಾಟಿ ಅತ್ತೆಯ ಖೋಲಿಗೆ ಹೋದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗುರುಬಸವ್ವ ಅದನ್ನು ನೋಡಿದಳು. ಅವತ್ತು ಗೇಟಿನ ಪಕ್ಕದ ತೆಗ್ಗನ್ನೇ ನೋಡುತ್ತಿದ್ದ ಈ ಹುಡುಗಿಯ ಮುಖ ಈಗ ಆಕೆಗೆ ಅರ್ಥವಾಯಿತು.

ಆಕೆ ಮುಂಬಾಗಿಲಿನಿಂದ ಇಳಿದು ಪಕ್ಕದ ಸಂದಿಗೆ ಬಂದಳು. ಹಾಸುಗಲ್ಲು ಹಗಲಿನ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ಅದರ ಮೇಲೆ ಹತ್ತಿ ನಿಂತು ಕಿಟಕಿಯ ಕದ ತಳ್ಳಿದಳು. ಒಳಗೆ ಪೂನಮ್ ಹಾಸಿಗೆ ಜೋಡಿಸುತ್ತಿದ್ದವಳು ಬೆಚ್ಚಿ ತಿರುಗಿದಳು.

"ಅತ್ತಿ! ಅಲ್ಲೇನ ಮಾಡಾಕ ಹತ್ತೀರಿ? ಒಳಗ ಬರ್ರಿ."

"ನೀನ ಇತ್ತ ಬಾ. ಕುಂತು ಮಾತಾಡೂಣು. ಒಂದ ಬಾಗಲಾದ ಮಾತೈತಿ."

ಪೂನಮ್ ಕಿಟಕಿಯ ಕಡೆ ಒಮ್ಮೆ, ಖೋಲಿಯ ಬಾಗಿಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮತ್ತೆ ಸೆರಗು ಸರಿಮಾಡಿಕೊಂಡು, ಪಡಸಾಲೆ ದಾಟಿ, ಮುಂಬಾಗಿಲಿನಿಂದ ಇಳಿದು, ಇಡೀ ಮನೆಯನ್ನು ಸುತ್ತಿಕೊಂಡು ಸಂದಿಗೆ ಬಂದಳು. ಗುರುಬಸವ್ವ ಕಲ್ಲಿನ ಮೇಲೆ ಒಂದು ಬದಿಗೆ ಸರಿದು ಕೂತು ಅವಳಿಗೆ ಜಾಗ ಬಿಟ್ಟಳು.