ಸೋಲಾರಿಗೆ ವಿಭೂತಿ

ಭೀಮಿಬಾಯಿ ಅಳಿಯನನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. "ಎದಕ್ಕೂ ಬಾರದಾಂವ" ಅಂದರೆ ಸಾಕು, ಹೊಳೆಪ್ಪ ಎದ್ದು ನಿಲ್ಲುತ್ತಿದ್ದ. ಅವನು ಅವಳಿಗೆ ಬರೀ ಅಳಿಯನಲ್ಲ, ಒಡಹುಟ್ಟಿದ ಅಣ್ಣನ ಮಗ. ಚಡ್ಡಿಯಿಲ್ಲದೆ ಓಡಾಡುತ್ತಿದ್ದಾಗಿನಿಂದ ನೋಡಿದವನಿಗೆ ಬಹುವಚನ ಹಚ್ಚಲು ಅವಳಿಗೇನು ತಲೆ ಕೆಟ್ಟಿತ್ತೇ? ಹೊಳೆಪ್ಪ ಗೋವಾಕ್ಕೆ ಬಂದು, ಮಡಗಾಂವದ ಗುಡ್ಡ ಮೋತಿ ಡೊಂಗರ್‌ನಲ್ಲಿ ಸಂಸಾರ ಹೂಡಿ, ಒಳ್ಳೆಯ ಗೌಂಡಿ ಅನ್ನಿಸಿಕೊಂಡು ವರ್ಷಗಳೇ ಕಳೆದಿದ್ದವು. ಅತ್ತೆಯ ಬಾಯಿಂದ ಮಾತ್ರ ಒಂದು "ಚಲೋ" ಬಿದ್ದಿರಲಿಲ್ಲ. ಆ ಒಂದು ಮಾತಿಗಾಗಿ ಅವನ ಜೀವ ಹಪಹಪಿಸುತ್ತಿತ್ತು.

ಈ ಸಲ ಸಿಕ್ಕೇ ಸಿಗುತ್ತದೆ ಎಂದು ಅವನ ಲೆಕ್ಕಾಚಾರ. ಅದಕ್ಕೆ ಕಾರಣ ಅವನೇ ಮಾಡಿದ ಸೋಲಾರ್ ಚಾರ್ಜರ್.

ನವರಾತ್ರಿಗೆ ಮುಂಚಿನ ಒಂದು ಗಾಳಿಮಳೆಗೆ ಅವರ ಓಣಿಯ ಕರೆಂಟಿನ ಕೇಬಲ್ಲು ಸುಟ್ಟಿತ್ತು. ಖೋಲಿ ಮಾಲೀಕನಿಗೆ ಹೇಳಿದರೆ "ಫಾಲ್ಯಾ" ಅನ್ನುತ್ತಿದ್ದ. ಕೊಂಕಣಿಯಲ್ಲಿ ನಾಳೆ ಅಂತ ಅರ್ಥ. ಆದರೆ ಯಾವ ನಾಳೆ ಎಂದು ಅವನೂ ಹೇಳುತ್ತಿರಲಿಲ್ಲ, ಹೊಳೆಪ್ಪನಂತೂ ಕೇಳುವ ಗಿರಾಕಿಯೇ ಅಲ್ಲ. ಯಾರು ಏನಂದರೂ "ಆತ್ರಿ" ಅಂದುಬಿಡುವುದು ಅವನ ಹುಟ್ಟುಗುಣ. ಹಾಗಾಗಿ ಅವನು ಜಗಳ ಬಿಟ್ಟು ಕೆಲಸಕ್ಕೆ ನಿಂತ. ಸೈಟಿನಲ್ಲಿ ಬಿಸಾಕಿದ್ದ ದೀಪದ ಕಂಬದಿಂದ ಪರಾತದಷ್ಟು ದೊಡ್ಡ ಸೋಲಾರ್ ಪ್ಯಾನಲ್ ಬಿಚ್ಚಿ ತಂದ. ಮಡಗಾಂವದ ರಿಪೇರಿ ಅಂಗಡಿಯಿಂದ ಹನ್ನೆರಡು ವೋಲ್ಟನ್ನು ಐದಕ್ಕಿಳಿಸುವ ಅಂಗೈ ಅಗಲದ ಬೋರ್ಡು ತಂದ. ಯಾರದೋ ವಿಡಿಯೋ ನೆನಪಿಟ್ಟುಕೊಂಡು ವೈರು ಜೋಡಿಸಿದ. ಮೊದಲ ಬೋರ್ಡಿಗೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಸುಟ್ಟ ಹಪ್ಪಳದ ವಾಸನೆ ಬಂತು. ಎರಡನೆಯದು ಸರಿಹೋಯಿತು, ಕೆಂಪು ದೀಪ ಹತ್ತಿತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗೌಂಡಿಯ ಕೈ ಸುಮ್ಮನಿರಬೇಕಲ್ಲ. ಗಾಳಿಗೆ ಹಾರಬಾರದು ಎಂದು ಪ್ಯಾನಲ್ಲನ್ನು ಅಂಗಳದಲ್ಲಿ, ಬಿಸಿಲಿಗೆ ಓರೆಯಾಗಿ, ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿ ಕಟ್ಟಿಯೇ ಬಿಟ್ಟ. ಮಗ್ಗುಲಿನ ಖೋಲಿಯ ಆಟೋ ರಾಜಮಹ್ಮದ ಬಂದು ನೋಡಿ, "ಹೊಳೆಪ್ಪಣ್ಣ, ಜಗತ್ತಿನ್ಯಾಗ ಚಾರ್ಜರಿಗೆ ಬುನಾದಿ ಹಾಕಿದಾಂವ ನೀ ಒಬ್ಬನ ನೋಡು" ಎಂದ. ಎಂದವನೇ ತನ್ನ ಮೊಬೈಲನ್ನೂ ತಂದು ಹಚ್ಚಿದ. ಮರುದಿನದಿಂದ ಓಣಿಯ ಮೊಬೈಲುಗಳೆಲ್ಲ ಪಾಳಿ ಹಿಡಿದವು.

ಭೀಮಿಬಾಯಿ ಬಂದಿಳಿದದ್ದು ಅಷ್ಟಮಿಯ ಸಂಜೆ. ಊರಲ್ಲಿ ಅವಳ ಎಮ್ಮೆ ಇಂದೋ ನಾಳೆಯೋ ಈಯುವಂತಿತ್ತು. ಅದನ್ನು ಮಗ ಗುರುಲಿಂಗನಿಗೆ ಒಪ್ಪಿಸಿ ಬಂದಿದ್ದಳೇ ಹೊರತು ಮನಸ್ಸೆಲ್ಲ ಕೊಟ್ಟಿಗೆಯಲ್ಲಿತ್ತು. ದಾರಿಯುದ್ದಕ್ಕೂ ಎಮ್ಮೆಯ ಸುದ್ದಿ ಕೇಳಿ ಕೇಳಿ ಫೋನು ಸತ್ತಿತ್ತು.

"ಕೊಡ್ರಿ ಚಾಚಿ, ಸ್ಟ್ಯಾಂಡಿನ್ಯಾಗ ಚಾರ್ಜಿಗೆ ಹಚ್ಚಿ ತರತೇನಿ" ಎಂದ ರಾಜಮಹ್ಮದ.

"ಯಾಕಪಾ? ಮನ್ಯಾಗ ಅಳಿಯಾ ಮಾಡಿದ್ದು ಐತೆಂತ. ಅದ ನಡೀಲಿ, ನೋಡೂಣು" ಎಂದಳು ಭೀಮಿಬಾಯಿ. 'ನೋಡೂಣು' ಎಂಬುದನ್ನು ಅವಳು ಹೇಳಿದ ರೀತಿಗೆ ಹೊಳೆಪ್ಪನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ನವಮಿ ಬೆಳಗ್ಗೆ ದೇವರೇ ಕೊಟ್ಟಂಥ ಬಿಸಿಲು. ಅವತ್ತು ಖಂಡೆ ಪೂಜೆ, ಅಂದರೆ ಆಯುಧಪೂಜೆ. ಹೊಳೆಪ್ಪ ತನ್ನ ಗಾರೆ ಕೆಲಸದ ಕರಣಿ, ತೂಕದ ಗುಂಡು, ಸುತ್ತಿಗೆ ಎಲ್ಲ ತೊಳೆದು ಜಗಲಿಯ ಮೇಲೆ ಸಾಲಾಗಿಟ್ಟ. ಅತ್ತೆಯ ಫೋನನ್ನು ಚಾರ್ಜರಿಗೆ ಹಚ್ಚಿ, ಕೆಂಪು ದೀಪ ಹತ್ತಿದ್ದನ್ನು ಕಣ್ಣಾರೆ ಕಂಡು, ಬಾಳೆಹಣ್ಣು ತರಲು ಪೇಟೆಗೆ ಇಳಿದ. ಗುಡ್ಡ ಹತ್ತಿ ವಾಪಸು ಬರುವಾಗ ಎದೆ ಉಬ್ಬಿತ್ತು.

ಅಂಗಳಕ್ಕೆ ಬಂದು ನೋಡಿದರೆ ಪ್ಯಾನಲ್ ಕಾಣಲಿಲ್ಲ. ಅಂದರೆ ಇತ್ತು, ಆದರೆ ದೇವರಾಗಿತ್ತು. ಈ ತುದಿಯಿಂದ ಆ ತುದಿಗೆ ಮೂರು ಬೆರಳಿನ ವಿಭೂತಿ, ಅದೂ ನೀರಲ್ಲಿ ಕಲಸಿ ಗಟ್ಟಿಯಾಗಿ ಬಳಿದದ್ದು. ನಡುವೆ ಅಂಗೈ ಅಗಲದ ಕುಂಕುಮ. ಮೇಲೆ ಅಡ್ಡಡ್ಡ ಚೆಂಡುಹೂವಿನ ಮಾಲೆ. ಮುಂದೆ ಊದಿನಕಡ್ಡಿ. ಬೋರ್ಡಿನ ಕೆಂಪು ದೀಪ ಕಣ್ಣು ಮುಚ್ಚಿತ್ತು.

"ಕರಣಿ, ಗುಂಡು ಎಲ್ಲಾ ಇಟ್ಟು ಇದೊಂದು ಬಿಟ್ಟಿದ್ದೆಲ್ಲೋ" ಎಂದಳು ಭೀಮಿಬಾಯಿ, ಕೈಗಂಟಿದ ವಿಭೂತಿ ಒರೆಸಿಕೊಳ್ಳುತ್ತ. "ನಿನ್ನ ಕೈಲೆ ಮಾಡಿದ್ದು. ಇದೂ ಹತಾರ ಅಲ್ಲೇನು?"

ಹೊಳೆಪ್ಪ ಮಾಡಿದ್ದೊಂದಕ್ಕೆ ಅತ್ತೆ ಕೈ ಮುಗಿದದ್ದು ಇದೇ ಮೊದಲು. ಆ ಮರ್ಯಾದೆಯೇ ಅವನ ಚಾರ್ಜರಿನ ಜೀವ ತೆಗೆದಿತ್ತು. ಒರೆಸಿದರೆ ಅತ್ತೆಯ ಪೂಜೆ ಕೆಡುತ್ತದೆ, ಬಿಟ್ಟರೆ ತನ್ನ ಮಾನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಲ್ಲಿಂದ ಎತ್ತಿ ಒಳಗಿಡೋಣವೆಂದರೆ ತಾನೇ ಹಾಕಿದ ಬುನಾದಿ.

ಅಷ್ಟರಲ್ಲಿ ರಾಜಮಹ್ಮದ ಮೊಬೈಲ್ ಹಿಡಿದು ಬಂದ. "ಯಾಕ ಹೊಳೆಪ್ಪಣ್ಣ, ದೀಪ ಇಲ್ಲಲ್ಲ?"

ಹೊಳೆಪ್ಪ, "ಇವತ್ತ ಖಂಡೆ ಪೂಜಿ ಅಲ್ಲೇನೋ. ಹತಾರಕ್ಕ ಸೂಟಿ" ಎಂದ.

ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಕರಣಿಗೆ ರಜೆ ಇದ್ದಮೇಲೆ ಸೋಲಾರಿಗೆ ಯಾಕಿರಬಾರದು? ರಾಜಮಹ್ಮದನೂ ತಲೆದೂಗಿ, ಹಾರ ಹಾಕಿದ ಆಟೋ ಕಡೆ ಹೋದ. ಭೀಮಿಬಾಯಿ ಮಾತ್ರ ಸತ್ತ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, ಅಳಿಯನ ಮುಖ ನೋಡಿ, "ಹಂಗಾದ್ರ ನಾಳೆ" ಎಂದು ಒಳಗೆ ಹೋದಳು.

ಹಿತ್ತಲಲ್ಲಿ ಹೊಳೆಪ್ಪ ಹೆಂಡತಿಯ ಬೆನ್ನು ಹತ್ತಿದ. "ಲಕ್ಷ್ಮೀ, ನೀನರ ಹೇಳ. ಅದಕ್ಕ ಬಿಸಲು ತಾಗಬೇಕು, ವಿಭೂತಿ ಅಡ್ಡ ಆಗೇತಿ ಅಂತ."

"ನೀವ ಹೇಳ್ರಿ. ನನಗ ಅವ್ವ ಆದ್ರ ನಿಮಗ ಸೋದರತ್ತಿ" ಎಂದಳು ಲಕ್ಷ್ಮವ್ವ, ಹೋಳಿಗೆ ತಟ್ಟುತ್ತ. "ಒಂದ ಮಾತು. ಅದಕ್ಕೇನು ಸೆಂಟ್ರಿಂಗ್ ಹೊಡೀಬೇಕಾ?"

ಒಂದೇ ಮಾತು ನಿಜ. ಆದರೆ ಆ ಮಾತು ಹೊಳೆಪ್ಪನ ನಾಲಗೆಯ ತುದಿಗೆ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತಿತು. ಅವನಿಗೆ ಉಳಿದ ಆಸೆ ಒಂದೇ, ಮಳೆ. ಮಳೆ ಬಂದರೆ ವಿಭೂತಿ ತನ್ನಷ್ಟಕ್ಕೆ ತೊಳೆದುಹೋಗುತ್ತದೆ, ಯಾರಿಗೂ ಪಾಪವಿಲ್ಲ. ಸೋಲಾರ್ ಕಟ್ಟಿದವನು ಮಳೆಗೆ ಹರಕೆ ಹೊತ್ತ. ಮಧ್ಯಾಹ್ನ ಒಂದು ಕರಿಮೋಡ ಬಂತು ಕೂಡ. ಹೊಳೆಪ್ಪ ಅಂಗಳದಲ್ಲಿ ನಿಂತು ಅದನ್ನು ಕಣ್ಣಲ್ಲೇ ಕರೆದ. ಅದು ಗುಡ್ಡದ ಮೇಲೆ ಸ್ವಲ್ಪ ಹೊತ್ತು ಯೋಚನೆ ಮಾಡಿ ವಾಸ್ಕೋ ಕಡೆ ಹೋಯಿತು.

ದಶಮಿಯ ದಿನ ಬಿಸಿಲಿಗೆ ವಿಭೂತಿ ಇನ್ನೂ ಬಿಗಿಯಾಗಿ ಹಿಡಿದಿತ್ತು. ಹೊಳೆಪ್ಪ ಬೆಳಗಿನಿಂದ ಏನೇನೋ ಮಾಡಿದ. ಮಾಲೆ ಬಾಡಿದೆ ಎಂದು ತೆಗೆದ. ದೂಳು ಎಂದು ಅಂಚು ಊದಿದ. "ಅತ್ತಿ, ಬಿಸಲು ಭಾಳ ಐತಿ, ಅಲ್ರಿ?" ಎಂದು ಸುಳಿವು ಕೊಟ್ಟ. "ಐತಿ" ಎಂದಳು ಭೀಮಿಬಾಯಿ. ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಅತ್ತೆಯ ಕಾಲು ಮುಟ್ಟುವಾಗಲೂ ಹೇಳಬೇಕೆಂದುಕೊಂಡ, ಎದ್ದಾಗ ಬಾಯಿಂದ ಬಂದದ್ದು ಕೆಮ್ಮು.

ಮಧ್ಯಾಹ್ನ ಭೀಮಿಬಾಯಿ ಊರಿಗೆ ಹೊರಡಲು ಚೀಲ ಕಟ್ಟಿದಳು. ರಾಜಮಹ್ಮದ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದು ನಿಂತಿದ್ದ. ಓಣಿಯ ಹೆಂಗಸರೂ ಕೂಡಿದ್ದರು. ಅವಳು ಫೋನಿನ ವೈರು ಬಿಚ್ಚಿ, ಸೊಂಟಕ್ಕೆ ಸಿಗಿಸಿಕೊಂಡು, ಮೆಲ್ಲಗೆ ಹೇಳಿದಳು: "ಇರಲಿ ಬಿಡಪಾ. ಪಾಪ, ನಿನ್ನ ಕೈಲಾದಷ್ಟು ಮಾಡೀದಿ. ಆಗಲಿಲ್ಲ."

'ಎದಕ್ಕೂ ಬಾರದಾಂವ' ಅಂದಿದ್ದರೆ ಹೊಳೆಪ್ಪ ತಡೆದುಕೊಳ್ಳುತ್ತಿದ್ದ, ರೂಢಿಯಿತ್ತು. ಈ 'ಪಾಪ' ಮಾತ್ರ ಕರುಳಿಗೆ ಚುಚ್ಚಿತು. ಎಲ್ಲಿತ್ತೋ, ಎದೆಯೊಳಗಿಂದ ಅವನದೇ ಎನ್ನಿಸದ ಒಂದು ದನಿ ಹೊರಟಿತು.

"ಆಗಿತ್ರಿ ಅತ್ತಿ. ಚಲೋ ನಡದಿತ್ತು. ನೀವ ಅದರ ಮ್ಯಾಲ ವಿಭೂತಿ ಬಡದು ಬಿಸಲು ಮುಚ್ಚೀರಿ. ಪೂಜಿ ಖರೇ, ಆದ್ರ ತಪ್ಪು ನಿಮ್ಮದು, ನನ್ನದಲ್ಲ."

ಲಕ್ಷ್ಮವ್ವನ ಕೈಯ ಬುತ್ತಿ ಕೈಯಲ್ಲೇ ಉಳಿಯಿತು.

ಭೀಮಿಬಾಯಿ ಚೀಲ ಕೆಳಗಿಟ್ಟಳು. ತಂಬಿಗೆಯ ನೀರಿಗೆ ಸೆರಗು ಅದ್ದಿ, ಪ್ಯಾನಲ್ಲಿನ ಮುಂದೆ ಕೂತು, ಎಮ್ಮೆಯ ಮೈ ತಿಕ್ಕುವ ಹಾಗೆ ತಿಕ್ಕಿ ತಿಕ್ಕಿ ಒರೆಸಿದಳು. ಕೆಂಪು ದೀಪ ಹತ್ತಿತು. ಫೋನು ಮತ್ತೆ ಸಿಗಿಸಿ ಅಲ್ಲೇ ಕಾಲು ಚಾಚಿದಳು.

"ನಿನ್ನೆನ ಲಕ್ಷ್ಮಿ ಹೇಳಿದ್ಲು ನನಗ" ಎಂದಳು. "ನೀ ಹೇಳತೀಯೋ ಇಲ್ಲೋ ಅಂತ ಹಾದಿ ಕಾಯಾಕತ್ತಿದ್ದೆ. ಮಗಳನ್ನ ಈ ಪರಮುಲಕಿನ್ಯಾಗ ನಿನ್ನ ಕೈಯಾಗ ಕೊಟ್ಟೇನಿ. ಯಾರ ಏನ ಮಾಡಿದ್ರೂ ಆತ್ರಿ ಅಂತೀದಿ. ಹೊತ್ತಿಗೆ ಬಾಯಿ ಬಿಡದಾಂವ ಎದಕ್ಕ ಬರತಾನ, ನೀನ ಹೇಳು. ಗ್ವಾಡಿ ಯಾರರ ಕಟ್ಟತಾರೋ."

ಹೊಳೆಪ್ಪನಿಗೆ ಅಳುವೂ ಬಂತು, ನಗುವೂ ಬಂತು. ಇಷ್ಟು ವರ್ಷ ಬೈಗುಳ ಅಂದುಕೊಂಡದ್ದರ ಒಳಗೆ ಹೆತ್ತ ಕರುಳಿನ ಭಯವಿತ್ತು ಎಂದು ಅವನಿಗೆ ಈಗ ಹೊಳೆಯಿತು.

ಫೋನಿಗೆ ಜೀವ ಬಂದ ಕೂಡಲೇ ಭೀಮಿಬಾಯಿ ಊರಿಗೆ ಹಚ್ಚಿದಳು. ಎಮ್ಮೆ ಈದಿತ್ತು, ಹೆಣ್ಣುಗರು, ಎರಡೂ ಆರಾಮ. ಅವಳು ದೊಡ್ಡ ಉಸಿರು ಬಿಟ್ಟು ರಾಜಮಹ್ಮದನಿಗೆ ಆಟೋ ತಿರುಗಿಸಲು ಕೈ ಮಾಡಿದಳು.

"ನೀ ಹೋಗಪಾ. ಗುರುಲಿಂಗ ಎಮ್ಮಿ ನೋಡಿಕೊಳ್ತಾನ. ನಾ ಇನ್ನ ದೀಪಾವಳಿ ಮುಗಿಸೇ ಹೋಗಾಕಿ."

ಹೊಳೆಪ್ಪನ ಮುಖ ಬಿಳಿಚಿತು. "ಅಲ್ಲೀತನಕ ಯಾಕ್ರಿ ಅತ್ತಿ?"

"ನೋಡು, ಬಂತಲ್ಲ ಬಾಯಿ" ಎಂದಳು ಭೀಮಿಬಾಯಿ, ಚೀಲದಿಂದ ಎಲೆಯಡಿಕೆ ತೆಗೆಯುತ್ತ. "ಈ ಮನ್ಯಾಗ ಜಗಳಾಡಾಕ ಇಷ್ಟು ದಿನಕ್ಕ ಒಬ್ಬಾಂವ ಸಿಕ್ಕಾನ. ಬಿಟ್ಟು ಹ್ಯಾಂಗ ಹೋಗಲಿ?"