ಮೊದಲು ಕೆಂಪು

ಆಫೀಸಿನಲ್ಲಿ ಅವಳನ್ನು ಕತ್ತರಿ ಎಂದು ಕರೆಯುತ್ತಿದ್ದರು, ಅದೂ ಎದುರಿಗೇ. ಅವಳಿಗೂ ಆ ಹೆಸರಿನ ಬಗ್ಗೆ ಒಳಗೊಳಗೇ ಜಂಬವಿತ್ತು. ಪ್ರೋಗ್ರಾಂಗಳನ್ನು ತುಂಡು ತುಂಡಾಗಿ ಪರೀಕ್ಷಿಸಲು ಬೇಕಾದ ಟೆಸ್ಟಿಂಗ್ ಲೈಬ್ರರಿಯೊಂದನ್ನು ಅವರ ತಂಡ ಕಟ್ಟಿ, ಬೇಕಾದವರೆಲ್ಲ ಬಳಸಲಿ ಎಂದು ಬಿಟ್ಟಿತ್ತು. ಟೆಸ್ಟ್ ಪಾಸಾದರೆ ಪರದೆಯ ಮೇಲೆ ಹಸಿರು ಗೆರೆ, ಫೇಲಾದರೆ ಕೆಂಪು. ಅದನ್ನು ಬಳಸುವುದು ಹೇಗೆಂದು ಹೇಳಿಕೊಡುವ ಪುಟಗಳನ್ನು ತಿದ್ದುವುದು ಕತ್ತರಿಯ ಕೆಲಸ. ಯಾರಾದರೂ "ಇಲ್ಲಿ ಬದಲಾವಣೆ ಮಾಡಲಾಗಿದೆ" ಎಂದು ತೇಲಿಸಿ ಬರೆದರೆ ಪಕ್ಕದಲ್ಲೇ "ಯಾರು?" ಎಂದು ಕೇಳಿಬಿಡುತ್ತಿದ್ದಳು. ಆ ಒಂದು ಪ್ರಶ್ನೆಗೆ ಅರ್ಧ ತಂಡ ಹೆದರುತ್ತಿತ್ತು.

ಹೊಸಬರಿಗಾಗಿ ಮೊದಲ ಪುಟ ಬರೆದವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಹೇಳಿದ್ದನ್ನೇ ಇನ್ನೊಮ್ಮೆ ಹೇಳದಿದ್ದರೆ ನಿದ್ದೆ ಬಾರದ ಹಿರಿಯ ಸಹೋದ್ಯೋಗಿ, ಅಷ್ಟೇ. ಪುಟದ ಕೊನೆಗೆ ಅವರು ಹೀಗೆ ಬರೆದಿದ್ದರು: "ಈಗ ಬೇಕೆಂದೇ ಟೆಸ್ಟಿನ ಒಂದು ಉತ್ತರವನ್ನು ತಪ್ಪು ಮಾಡಿ. ಕೆಂಪು ಬರಬೇಕು. ಬರದಿದ್ದರೆ ನಿಮ್ಮ ಟೆಸ್ಟ್ ಓಡುತ್ತಲೇ ಇಲ್ಲ, ನೀವು ಅದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೀರಿ. ಈ ಲೈಬ್ರರಿ ಟೆಸ್ಟುಗಳನ್ನು ಒಂದೇ ಫೋಲ್ಡರಿನಲ್ಲಿ ಹುಡುಕುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಒಂದೂ ತಪ್ಪಿಲ್ಲ ಎಂದು ಹಸಿರು ತೋರಿಸಿ ಸುಮ್ಮನಾಗುತ್ತದೆ."

ಕತ್ತರಿ ಇಡೀ ಪ್ಯಾರಾ ಕಿತ್ತುಹಾಕಿದಳು. ಹೊಸಬರನ್ನು ಮೊದಲ ದಿನವೇ ಯಾಕೆ ಹೆದರಿಸಬೇಕು? ಮೇಷ್ಟ್ರು ಗೊಣಗಿದರು. "ಅದನ್ನ ತೆಗೀಬೇಡಮ್ಮ, ಅದಿಲ್ದಿದ್ರೆ ಜನ ಮೋಸ ಹೋಗ್ತಾರೆ," ಎಂದರು. ಅವಳು ನಕ್ಕು, "ಜನ ಅಷ್ಟು ದಡ್ಡರಲ್ಲ ಸಾರ್," ಎಂದಳು. ಪುಟ ಅರ್ಧಕ್ಕೆ ಇಳಿಯಿತು. ಓದಿದರೆ ನೀರು ಕುಡಿದಷ್ಟು ಸಲೀಸು ಎಂದು ಮ್ಯಾನೇಜರ್ ಎಲ್ಲರೆದುರು ಬೆನ್ನು ತಟ್ಟಿದ.

ಆ ಪುಟವನ್ನು ನಂಬಿ ಕೂತವರಲ್ಲಿ ಅವಳ ಅತ್ತಿಗೆಯೂ ಒಬ್ಬಳು.

ಅಣ್ಣ, ಅತ್ತಿಗೆ, ಇವಳು ಮೂವರೂ ಒಂದೇ ಮನೆಯಲ್ಲಿದ್ದರು. ಅತ್ತಿಗೆ ಬಸ್ ಡಿಪೋದಲ್ಲಿ ಡ್ರೈವರುಗಳ ಪಾಳಿ ಹಂಚುವ ಕೆಲಸದಲ್ಲಿದ್ದವಳು. ಆ ಕೆಲಸವನ್ನು ಕಂಪ್ಯೂಟರಿಗೆ ವಹಿಸಿ ಅವಳನ್ನು ಮನೆಗೆ ಕಳಿಸಿದ ಮೇಲೆ, "ನನ್ನ ಕೆಲಸ ಕಿತ್ಕೊಂಡಿದ್ದನ್ನೇ ಕಲಿತೀನಿ," ಎಂದು ಹಟ ಹಿಡಿದು ಪ್ರೋಗ್ರಾಮಿಂಗಿಗೆ ಕೂತಳು. ನಾದಿನಿಯ ಹಳೆಯ ಲ್ಯಾಪ್‌ಟಾಪ್ ಅಡುಗೆಮನೆಯ ಮೇಜಿಗೆ ಬಂತು. ಒಲೆಯ ಮೇಲೆ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೊಂದು ಸಣ್ಣ ಕಂಪನಿ ಅವಳನ್ನು ಕರೆಯಿತು. ಬಸ್ ಟಿಕೆಟಿನ ದರ ಲೆಕ್ಕ ಹಾಕುವ ಪ್ರೋಗ್ರಾಂ ಬರೆದು, ಪರೀಕ್ಷಿಸಿ ಕಳಿಸಿ ಎಂದಿತು. ಬಸ್ಸಿನ ವಿಷಯ ತಾನೇ, ಅತ್ತಿಗೆ ಹಿಗ್ಗಿ ಹೀರೇಕಾಯಿಯಾದಳು. ಬರೆದಳು, ಟೆಸ್ಟ್ ಮಾಡಿದಳು, ಎಲ್ಲ ಹಸಿರು. ಕಳಿಸಿಬಿಟ್ಟಳು.

ಉತ್ತರ ಬಂದ ಸಂಜೆ ಅತ್ತಿಗೆ ಬಡಿಸುತ್ತಲೇ ಅದನ್ನು ಬಾಯಿಪಾಠದಂತೆ ಒಪ್ಪಿಸಿದಳು. "ಪರೀಕ್ಷಿಸಿದ್ದೇನೆ ಎಂದು ಬರೆದಿದ್ದೀರಿ. ನಿಮ್ಮ ಟೆಸ್ಟುಗಳಲ್ಲಿ ಒಂದೂ ಓಡಿಲ್ಲ. ತಪ್ಪು ಮಾಡುವವರಿಗೆ ನಾವು ಕಲಿಸಬಲ್ಲೆವು, ಸುಳ್ಳು ಹೇಳುವವರು ನಮಗೆ ಬೇಡ."

"ನಾನೆಲ್ಲಿ ಸುಳ್ಳು ಹೇಳ್ದೆ?" ಅತ್ತಿಗೆಯ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. "ಹಸಿರು ಬಂದಿದ್ದನ್ನ ಕಣ್ಣಾರೆ ನೋಡ್ದೆ. ನೀನೇ ನೋಡು ಬೇಕಾದ್ರೆ."

ಕತ್ತರಿ ಎಡಗೈಯಲ್ಲೇ ಲ್ಯಾಪ್‌ಟಾಪ್ ತಿರುಗಿಸಿದಳು. ಟೆಸ್ಟ್ ಫೈಲು ಬೇರೆ ಫೋಲ್ಡರಿನಲ್ಲಿ ಕೂತಿತ್ತು. ಮೇಷ್ಟ್ರ ಆ ಪ್ಯಾರಾ ಅಕ್ಷರ ಬಿಡದೆ ಕಣ್ಣೆದುರು ಬಂತು.

"ಹೇಳು, ಏನಾಗಿದೆ?"

"ಮೊದಮೊದ್ಲು ಎಲ್ರಿಗೂ ಹೀಗಾಗುತ್ತೆ ಅತ್ತಿಗೆ," ಎಂದು ಕತ್ತರಿ ತಟ್ಟೆಗೆ ತಲೆ ಬಗ್ಗಿಸಿದಳು.

"ಈ ವಯಸ್ಸಿಗೆ ಇದೆಲ್ಲ ಯಾಕೆ ಬೇಕಿತ್ತು ಇವಳಿಗೆ," ಎಂದ ಅಣ್ಣ. ತಮಾಷೆಗೇ ಹೇಳಿದ, ಆದರೆ ಅತ್ತಿಗೆ ನಗಲಿಲ್ಲ. "ನನ್ ತಲೇಲಿ ಜೇಡಿಮಣ್ಣು ತುಂಬಿದೆ, ಬಿಡಿ," ಎಂದಳು. ಕತ್ತರಿ ಆಗಲೂ ಬಾಯಿ ಬಿಡಲಿಲ್ಲ. ಬಾಯಿ ಬಿಡುವುದಿರಲಿ, ಇನ್ನೊಂದು ಸೌಟು ಹಾಕಿಸಿಕೊಂಡಳು.

ಮರುದಿನ ಆಫೀಸಿಗೆ ಹೋದವಳೇ ಪ್ಯಾರಾವನ್ನು ಅದರ ಜಾಗಕ್ಕೆ ಮರಳಿಸಿದಳು. ಏನು ಬದಲಾಯಿತು ಎಂದು ಬರೆಯಬೇಕಾದ ಕಡೆ "ಸಣ್ಣಪುಟ್ಟ ತಿದ್ದುಪಡಿ" ಎಂದು ಹಾಕಿ ಕೈತೊಳೆದುಕೊಂಡಳು. ಬೇರೆ ಯಾರಾದರೂ ಹಾಗೆ ಬರೆದಿದ್ದರೆ ಅವಳೇ ಅವರ ಚರ್ಮ ಸುಲಿಯುತ್ತಿದ್ದಳು.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. "ವಾಪಸ್ ಹಾಕಿದ್ದು ಒಳ್ಳೇದಾಯ್ತು. ಆದ್ರೆ ಇದು ಸಣ್ಣಪುಟ್ಟದ್ದಾ? ಪ್ಯಾರಾ ಇಲ್ದಾಗ ಓದ್ದೋರು ತಮ್ಮ ಟೆಸ್ಟುಗಳನ್ನ ಮತ್ತೆ ನೋಡ್ಕೋಬೇಕಲ್ವಾ? ಯಾರಾದ್ರೂ ಮೋಸ ಹೋದ್ರಾ?"

"ಯಾರೂ ಇಲ್ಲ ಸಾರ್," ಎಂದಳು.

ಎಷ್ಟು ಸಲೀಸಾಗಿ ಬಂತು ಆ ಮಾತು! ಮೇಷ್ಟ್ರು ಗೆದ್ದವರಂತೆ ಬೀಗಿದ್ದರೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು. ಅವರು ತಲೆಯಾಡಿಸಿ ಎದ್ದು ಹೋದರು.

ಸಂಜೆ ಮನೆಗೆ ಬಂದರೆ ಅಡುಗೆಮನೆಯ ಮೇಜು ಖಾಲಿ. ಅತ್ತಿಗೆ ಲ್ಯಾಪ್‌ಟಾಪನ್ನು ಒರೆಸಿ, ಅದರ ಚೀಲವನ್ನು ಒಗೆದು ಇಸ್ತ್ರಿ ಮಾಡಿ, ಎರಡನ್ನೂ ತಂದು ಅವಳ ಮಂಚದ ಮೇಲಿಟ್ಟಳು.

"ಇದು ನಿನ್ನ ಹತ್ರಾನೇ ಇರ್ಲಿ. ಇನ್ನೊಂದು ಮಾತು," ಎಂದವಳು ಬಾಗಿಲಿನ ಚೌಕಟ್ಟಿನ ಮೇಲೆ ಇಲ್ಲದ ಧೂಳನ್ನು ಬೆರಳಲ್ಲಿ ಉಜ್ಜಿದಳು. "ಅರ್ಜೀಲಿ ನಿನ್ನ ಹೆಸರು ಹಾಕಿದ್ದೆ, ನನ್ನ ನಾದಿನಿ ಆ ಲೈಬ್ರರಿಯೋರು ಅಂತ. ಜಂಬಕ್ಕೆ ಹಾಕ್ದೆ. ಈಗ ನಿನ್ನ ಮನೇಲಿ ಸುಳ್ಳುಗಾರರಿದಾರೆ ಅಂತ ಅವರಿಗನ್ಸುತ್ತೆ. ನಿನ್ನ ಮರ್ಯಾದೆ ಕಳೆದೆ. ಬೇಜಾರ್ ಮಾಡ್ಕೋಬೇಡ."

ನೆಲ ಬಾಯಿ ಬಿಟ್ಟು ನುಂಗಿದ್ದರೆ ಚೆನ್ನಾಗಿತ್ತು. ಕ್ಷಮೆ ಕೇಳಬೇಕಾದವಳು ಮಂಚದ ಮೇಲೆ ಕೂತಿದ್ದಾಳೆ, ಕೇಳುತ್ತಿರುವವಳು ಬಾಗಿಲಲ್ಲಿ ನಿಂತಿದ್ದಾಳೆ.

"ಅತ್ತಿಗೆ, ಅದು ನಿಮ್ಮ ತಪ್ಪಲ್ಲ. ಫೋಲ್ಡರಿನ ವಿಷಯ ಆ ಪುಟದಲ್ಲಿತ್ತು. ನಾನು ತೆಗೆದ್ಹಾಕಿದೆ. ಮೇಷ್ಟ್ರು ಬೇಡ ಅಂದ್ರೂ ತೆಗೆದೆ. ಓದೋಕೆ ಚೆನ್ನಾಗಿರ್ಲಿ ಅಂತ."

ಅತ್ತಿಗೆ ಒಳಗೆ ಬಂದಳು. "ಇದು ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ. ಊಟಕ್ಕೆ ಕೂತಾಗ."

"ನಾನು ಬಡಿಸ್ತಿದ್ದಾಗ?"

"ಹೂಂ."

"ನನ್ನ ತಲೇಲಿ ಮಣ್ಣಿದೆ ಅಂದಾಗ್ಲೂ ಗೊತ್ತಿತ್ತು?"

ಕತ್ತರಿ ಹೌದೆಂದು ತಲೆಯಾಡಿಸಿದಳು. ಅತ್ತಿಗೆ ಬೈಯುತ್ತಾಳೆ ಎಂದುಕೊಂಡಳು, ಬೈದಿದ್ದರೆ ಕಾಲಿಗೆ ಬೀಳುವುದಕ್ಕೂ ತಯಾರಿದ್ದಳು. ಅತ್ತಿಗೆ ಬೈಯಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಇವಳೂ ಹಿಂದೆಯೇ ಹೋದಳು.

ಪುಟ ತೆರೆದು, ಮರಳಿ ಬಂದ ಪ್ಯಾರಾವನ್ನು ಅತ್ತಿಗೆ ಬೆರಳಿಟ್ಟು ಓದಿದಳು. ಫೈಲನ್ನು ಸರಿಯಾದ ಫೋಲ್ಡರಿಗೆ ಹಾಕಿ ಓಡಿಸಿದಳು. ಹಸಿರು. ಆಮೇಲೆ ಬೇಕೆಂದೇ ಒಂದು ಟಿಕೆಟಿನ ದರ ತಪ್ಪು ಮಾಡಿದಳು. ಪರದೆಯ ತುಂಬ ಕೆಂಪು.

"ನನ್ನ ಲೆಕ್ಕ ಸರಿ ಇತ್ತು," ಎಂದಳು, ತನಗೇ ಹೇಳಿಕೊಳ್ಳುವಂತೆ. ಅವಳ ಕಣ್ಣಲ್ಲಿ ನೀರು ತುಂಬಿದ್ದು ಆಗ.

ನಂತರ ಲ್ಯಾಪ್‌ಟಾಪನ್ನು ನಾದಿನಿಯ ಕಡೆಗೆ ತಳ್ಳಿದಳು. "ಆ ಕಂಪನಿಗೆ ಬರಿ."

ಕತ್ತರಿ ಬರೆಯತೊಡಗಿದಳು. ಬರೆಯುವುದೇ ಅವಳ ಕಸುಬು. ಅರ್ಜಿದಾರರಿಂದ ಯಾವ ಸುಳ್ಳೂ ಆಗಿಲ್ಲ, ಲೈಬ್ರರಿಯ ಮೊದಲ ಪುಟದಿಂದ ಅಗತ್ಯ ಮಾಹಿತಿಯನ್ನು ಕಣ್ತಪ್ಪಿನಿಂದ ತೆಗೆಯಲಾಗಿತ್ತು, ಈಗ ಸರಿಪಡಿಸಲಾಗಿದೆ ಎಂದು ವಾಕ್ಯಗಳು ನಯವಾಗಿ ಸಾಗಿದವು. ಅತ್ತಿಗೆ ಹಿಂದೆ ನಿಂತು ಓದುತ್ತಿದ್ದಳು. ಅವಳ ಬೆರಳು ಭುಜದ ಮೇಲಿಂದ ಬಂದು "ತೆಗೆಯಲಾಗಿತ್ತು" ಎಂಬಲ್ಲಿ ನಿಂತಿತು.

"ಯಾರು?" ಎಂದಳು.

ಕತ್ತರಿ ವಾಕ್ಯವನ್ನು ಅಳಿಸಿದಳು. ತನ್ನ ಹೆಸರನ್ನು ಮೊದಲು ಬರೆದು, ಅಲ್ಲಿಂದ ಮತ್ತೆ ಶುರು ಮಾಡಿದಳು.