ಐಲರ್ಟ್ ಪೊಪ್ಪಿಂಗನ ಕಲ್ಲುಸಕ್ಕರೆ

ಐಲರ್ಟ್ ಪೊಪ್ಪಿಂಗ ಬಟ್ಟಬಯಲಿನಲ್ಲೂ ತಲೆ ತಗ್ಗಿಸಿಯೇ ನಡೆಯುತ್ತಿದ್ದ. ಜರ್ಮನಿಯ ಎಮ್ಡೆನ್ ಬಂದರಿನ ಆಚೆ, ನಮ್ಮ ಸಮುದ್ರದ ಏರಿಯ ಮೇಲೆ, ಹಸುಗಳೂ ಗಾಳಿಯೂ ಬಿಟ್ಟರೆ ಬೇರೇನೂ ಇಲ್ಲದ ಕಡೆ, ನಾಲ್ಕಾರು ಹೆಜ್ಜೆಗೊಮ್ಮೆ ಕತ್ತನ್ನು ಎಡಕ್ಕೆ ವಾಲಿಸಿ, ಕಣ್ಣಿಗೆ ಕಾಣದ ಯಾವುದೋ ಕೊಳವೆಯ ಕೆಳಗೆ ನುಸುಳಿದಂತೆ ನುಸುಳಿ, ಮತ್ತೆ ನೆಟ್ಟಗಾಗುತ್ತಿದ್ದ. ಹುಲ್ಲಿನ ಗಾಡಿಯೇ ಒಳಹೋಗುವಷ್ಟು ಎತ್ತರದ ಇಗರ್ಜಿಯ ಬಾಗಿಲಲ್ಲೂ ಅವನಿಗೆ ಅದೇ ಜಾಗ್ರತೆ. "ಐಲರ್ಟಣ್ಣ, ಹುಷಾರು, ಆಕಾಶ ಹಣೆಗೆ ಬಡಿದೀತು!" ಎಂದು ಊರಿನವರು ಕಿಚಾಯಿಸಿದರೆ, ಅವನು ಟೊಪ್ಪಿಗೆ ಮುಟ್ಟಿಕೊಂಡು "ಅಷ್ಟೇನಿಲ್ಲ ಬಿಡು" ಅನ್ನುತ್ತಿದ್ದ. ಹಲ್ಲುನೋವಿಗೂ, ಬಿರುಗಾಳಿಗೂ, ಸತ್ತವರ ಸುದ್ದಿಗೂ ಅವನಲ್ಲಿದ್ದದ್ದು ಆ ಒಂದೇ ಮಾತು.

ಅವನದೊಂದು ಚರ್ಮದ ಕೋಟು ಇತ್ತು. ಜಲಾಂತರ್ಗಾಮಿಯ ಎಣ್ಣೆ, ಬೆವರು, ಬೂಸಲು ಎಲ್ಲವನ್ನೂ ಹೀರಿಕೊಂಡು ತಾನೇ ನಿಲ್ಲಬಲ್ಲಷ್ಟು ಬಿರುಸಾಗಿದ್ದ ಆ ಕೋಟನ್ನು ಅವನ ಹೆಂಡತಿ ತಾಲ್ಕೆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಕೊಟ್ಟಿಗೆಯ ಮೊಳೆಗೆ ನೇತುಹಾಕಿದರೆ ಹಸು ಮುಖ ತಿರುಗಿಸಿ ನಿಲ್ಲುತ್ತಿತ್ತು. "ನೋಡಿ, ಅದಕ್ಕಿರೋ ಬುದ್ಧೀನೂ ನಿಮ್ಮ ನೌಕಾಪಡೆಗಿಲ್ಲ," ಎಂದು ತಾಲ್ಕೆ ಗೊಣಗುವಳು. ಆದರೆ ಅವನು ಸಮುದ್ರಕ್ಕೆ ಹೋದಾಗ ಕೊಟ್ಟಿಗೆಯ ಆ ಬರಿಯ ಮೊಳೆಯನ್ನು ಕಂಡು ಅವಳು ಅತ್ತದ್ದನ್ನು ನೆರೆಯವರು ನೋಡಿದ್ದಾರೆ.

ಆ ಜಲಾಂತರ್ಗಾಮಿ ದೋಣಿಯಲ್ಲಿ ಅವನದು ತೂಕ ಸರಿದೂಗಿಸುವ ಕೆಲಸ. ನೀರೊಳಗೆ ಮುಳುಗಿದ ಆ ಉಕ್ಕಿನ ಸೋರೆಬುರುಡೆ ನೀರಿನಷ್ಟೇ ಭಾರವಿರಬೇಕು. ಮೂತಿ ಭಾರವಾದರೆ ತಳಕ್ಕೆ ದುಮುಕುತ್ತದೆ, ಬಾಲ ಭಾರವಾದರೆ ಮೂತಿ ಮೇಲೆದ್ದು ಶತ್ರುವಿನ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಅಡುಗೆಯವನು ಆಲೂಗಡ್ಡೆಯ ಚೀಲ ಸರಿಸಿದರೂ ಐಲರ್ಟನಿಗೆ ಹೇಳಬೇಕು. ಹಿಂದಿನ ಕೋಣೆಯವನು ಮುಂದಕ್ಕೆ ಹೋಗುವುದಾದರೆ ಕೂಗಿ ತಿಳಿಸಿ, ಅವನು ಕವಾಟ ತಿರುಗಿಸಿ ತೊಟ್ಟಿಗಳಲ್ಲಿನ ಒಂದಿಷ್ಟು ನೀರನ್ನು ಎದುರು ದಿಕ್ಕಿಗೆ ಕಳುಹಿಸುವವರೆಗೆ ಕಾಯಬೇಕು. "ಯಾರದು? ಎಲ್ಲಿಗೆ? ಕೈಯಲ್ಲೇನು?" ಎಂಬ ಅವನ ಮೂರು ಪ್ರಶ್ನೆಗಳು ಆ ಕಿರಿದಾದ ಓಣಿಯಲ್ಲಿ ಹಗಲಿಡೀ ಕೇಳುತ್ತಿದ್ದವು. "ಮಾವ, ಪಾಯಿಖಾನೆಗೆ. ಹೋಗುವಾಗಿನ ತೂಕ ಹೇಳ್ಲೋ, ಬರುವಾಗಿನದೋ?" ಎಂದು ಅಡುಗೆಯ ಹಾಬ್ಬೊ ಕೆಣಕಿದರೆ ಐಲರ್ಟ್ ನಗದೆ, "ಎರಡೂ ಹೇಳು" ಅನ್ನುವನು.

ನಗುವುದಕ್ಕೆ ಅಲ್ಲಿ ಬೇರೆ ವಿಷಯವೂ ಹೆಚ್ಚಿರಲಿಲ್ಲ. ಇಬ್ಬರಿಗೆ ಒಂದು ಮಂಚ; ಒಬ್ಬ ಪಾಳಿಗೆ ಎದ್ದರೆ ಇನ್ನೊಬ್ಬ ಅವನ ಬೆವರಿನ ಬಿಸಿಯೊಳಗೇ ಮಲಗುವುದು. ತಲೆಗೆ ತಾಗುವ ಕೊಳವೆಗಳೂ ಗೋಡೆಗಳೂ ಬೆವರಿ ದಿಂಬಿಗೆ ಹನಿಯುತ್ತಿದ್ದವು, ರೊಟ್ಟಿಗೆ ಹಸಿರು ತುಪ್ಪಳ ಬೆಳೆಯುತ್ತಿತ್ತು, ಸ್ನಾನವೆಂಬುದು ದಡದವರ ಸುದ್ದಿಯಾಗಿತ್ತು. ಇಷ್ಟರ ನಡುವೆಯೂ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದ ಆ ಗಂಡಸರ ಮೇಲೆ ಯಾರಿಗಾದರೂ ಮಮತೆ ಹುಟ್ಟದಿದ್ದರೆ ಅದು ಆಶ್ಚರ್ಯ.

ನಮ್ಮ ಕಡೆ ಚಹಾ ಎಂದರೆ ಮೂರು ಬಟ್ಟಲು. ತಳದಲ್ಲಿ ಕಲ್ಲುಸಕ್ಕರೆಯ ಹರಳು, ಅದರ ಮೇಲೆ ಕುದಿಯುವ ಚಹಾ. ಹರಳು ಚಟಚಟನೆ ಬಿರಿಯುವ ಸದ್ದು ಕೇಳಿದ ಮೇಲೇ ಕೆನೆ. ಸಾಕೆನಿಸಿದವರು ಚಮಚವನ್ನು ಬಟ್ಟಲೊಳಗೆ ಇಡಬೇಕು. ಇಡದಿದ್ದರೆ ಮನೆಯೊಡತಿ ಸುರಿಯುತ್ತಲೇ ಇರುತ್ತಾಳೆ. ಸಮುದ್ರಕ್ಕೆ ಹೊರಡುವ ದಿನ ಐಲರ್ಟ್ ಎರಡೇ ಬಟ್ಟಲು ಕುಡಿದು, ಚಮಚ ಮುಟ್ಟದೆ ಏಳುತ್ತಿದ್ದ. "ಮೂರನೇದು ಬಂದ್ಮೇಲೆ." ಅಷ್ಟೇ ವಿದಾಯ. ಆದರೆ ಮೊದಲ ಮಹಾಯುದ್ಧದ ನಡುವೆ, ಸಾವಿರದ ಒಂಬೈನೂರ ಹದಿನೇಳರ ಆ ಚಳಿಗಾಲದ ಹೊತ್ತಿಗೆ, ಶತ್ರುಗಳ ದಿಗ್ಬಂಧನದಿಂದ ಊರಿಗೆ ಊರೇ ಟರ್ನಿಪ್ ಗಡ್ಡೆ ತಿಂದು ಬದುಕುತ್ತಿತ್ತು. ಚಹಾ ಇರಲಿಲ್ಲ, ಸಕ್ಕರೆ ಇರಲಿಲ್ಲ. ತಾಲ್ಕೆ ಹುರಿದ ಸೇಬಿನ ಸಿಪ್ಪೆಗೆ ಬಿಸಿನೀರು ಸುರಿದು, "ಹರಳಿನ ಸದ್ದು ನಾನೇ ಬಾಯಲ್ಲಿ ಮಾಡ್ಲಾ?" ಎಂದಳು. ಅವಳ ಮಣಿಕಟ್ಟು ಕಡ್ಡಿಯಂತಾಗಿತ್ತು. ಅವನು ನೋಡಿಯೂ ನೋಡದವನಂತೆ ಕುಡಿದು ಹೊರಟ.

ಆ ಯಾನದಲ್ಲಿ ಅವರು ಶತ್ರುವಿನ ಒಂದು ಸರಕಿನ ಹಡಗನ್ನು ತಡೆದರು. ಅದರ ಜನ ಜೀವರಕ್ಷಕ ದೋಣಿಗಳಿಗೆ ಇಳಿದರು. ಹಡಗನ್ನು ಮುಳುಗಿಸಲು ಸಿಡಿಮದ್ದು ಇಡಹೋದವರಲ್ಲಿ ಐಲರ್ಟನೂ ಇದ್ದ. ಉಗ್ರಾಣದಲ್ಲಿ ದೇವರು ತೆರೆದಿಟ್ಟಂತೆ ಎಲ್ಲವೂ ಇತ್ತು. ಮೇಲಧಿಕಾರಿಯ ಕಟ್ಟಪ್ಪಣೆ ಸ್ಪಷ್ಟವಾಗಿತ್ತು: ಒಳಗೆ ಬರುವ ಪ್ರತಿಯೊಂದು ವಸ್ತುವನ್ನೂ ಐಲರ್ಟನಿಗೆ ಹೇಳಿಯೇ ತರಬೇಕು. ಅಡುಗೆಮನೆಗೆ ತಂದದ್ದನ್ನು ಎಲ್ಲರೂ ಹೇಳಿದರು. ಮನೆಗೆಂದು ತಂದದ್ದನ್ನು ಯಾರೂ ಹೇಳಲಿಲ್ಲ. ಹೇಳಿದರೆ ಅದೂ ಅಡುಗೆಮನೆಗೇ ಹೋಗುತ್ತದೆಂಬ ಭಯ. ಹಿಟ್ಟು, ಹಂದಿಮಾಂಸ, ಹಾಲಿನ ಡಬ್ಬಿ, ಎಲ್ಲವೂ ಒಬ್ಬರಿಗೊಬ್ಬರು ತಿಳಿಯದಂತೆ ಮುಂದಿನ ಕೋಣೆಯ ಮಂಚಗಳ ಕೆಳಗೆ ಸೇರಿದವು. ಐಲರ್ಟ್ ತಾನೂ ಒಂದು ಗಂಟು ಕಲ್ಲುಸಕ್ಕರೆಯನ್ನು ಅಲ್ಲೇ ತುರುಕಿ, ತನ್ನ ಮನಸ್ಸಿಗೆ ಹೇಳಿಕೊಂಡ: ಅಷ್ಟೇನಿಲ್ಲ ಬಿಡು.

ಮರುದಿನ ಬೆಳಿಗ್ಗೆ ಶತ್ರುವಿನ ಕಾವಲು ಹಡಗೊಂದು ಕಾಣಿಸಿ ದೋಣಿ ಅವಸರದಲ್ಲಿ ಮುಳುಗಿದಾಗ, ಮೂತಿ ಇಳಿಯುತ್ತಲೇ ಹೋಯಿತು. ಐಲರ್ಟನ ಕವಾಟಗಳಿಗೆ ಬಗ್ಗದೆ ಇಳಿದು, ತಳದ ಕೆಸರಿನಲ್ಲಿ ಹೂತು ನಿಂತಿತು. ಮೇಲೆ ಶತ್ರು ಸುತ್ತಿ ಸುತ್ತಿ ಕೊನೆಗೆ ಹೊರಟುಹೋಯಿತು. ಆದರೆ ತೊಟ್ಟಿಗಳ ನೀರು ಹೊರದಬ್ಬಿದರೂ ಮೂತಿ ಕೆಸರು ಬಿಡಲಿಲ್ಲ. ಅಂಥ ಹೊತ್ತಿಗೆ ಒಂದು ಉಪಾಯವಿದೆ: ಎಲ್ಲರೂ ಒಟ್ಟಿಗೆ ಹಿಂದಕ್ಕೆ ಓಡುವುದು, ತಮ್ಮ ಮೈಭಾರದಿಂದಲೇ ಬಾಲವನ್ನು ಒತ್ತಿ ಮೂತಿಯನ್ನು ಕಿತ್ತುಕೊಳ್ಳುವುದು. ಓಡಿದರು. ದೋಣಿ ನಡುಗಿತು, ಕದಲಲಿಲ್ಲ. ಮತ್ತೆ ಓಡಿದರು. ಗಾಳಿ ಕೆಟ್ಟಿತ್ತು, ತುಟಿಗಳು ನೀಲಿಯಾದವು, ಇನ್ನೊಮ್ಮೆ ಓಡುವಷ್ಟು ಉಸಿರು ಮಾತ್ರ ಉಳಿದಿತ್ತು. ಉಸಿರು ಉಳಿಸಲು ಎಲ್ಲರನ್ನೂ ಮಲಗಿಸಿ, ಎಂಜಿನಿಯರ್ ಲೂಡರ್ಸ್ ಐಲರ್ಟನ ಪಕ್ಕ ಕುಕ್ಕರಿಸಿದ.

"ಲೆಕ್ಕ ಎಲ್ಲಿ ತಪ್ತು, ಪೊಪ್ಪಿಂಗ? ನಿಮ್ಮ ಕೈಯಲ್ಲಿ ಇಷ್ಟು ವರ್ಷದಲ್ಲಿ ತಪ್ಪಿದ್ದಿಲ್ವಲ್ಲ."

ಹೇಳಿದರೆ ತನ್ನ ಹೆಸರು ಮಣ್ಣುಪಾಲು, ತಾಲ್ಕೆಯ ಸಕ್ಕರೆಯೂ ಹೋಯಿತು. ಹೇಳದಿದ್ದರೆ ತಾಲ್ಕೆಗೆ ಗಂಡನೇ ಇಲ್ಲ, ಇವರಾರ ಹೆಂಡಿರಿಗೂ ಗಂಡಂದಿರಿಲ್ಲ. ಅವನು ಅಭ್ಯಾಸದಂತೆ ತಲೆ ತಗ್ಗಿಸಿ ಎದ್ದುನಿಂತ.

"ಲೆಕ್ಕ ಸರಿಯಾಗೇ ಇದೆ ಸರ್. ನಂದೊಂದು ಗಂಟು ಅದರಲ್ಲಿ ಸೇರಿಸಿಲ್ಲ. ಮುಂದಿನ ಕೋಣೇಲಿದೆ. ಕಲ್ಲುಸಕ್ಕರೆ, ಮನೆಯವಳಿಗೆ."

ಆಮೇಲೆ ಹಾಬ್ಬೊ ಮಲಗಿದಲ್ಲಿಂದಲೇ ಕೈ ಎತ್ತಿದ. "ಮಾವ, ನಂದು ಒಂದು ಹಂದಿತೊಡೆ. ಸಣ್ಣದಲ್ಲ." ಇನ್ನೊಬ್ಬ, "ನಂದು ಹಿಟ್ಟು," ಎಂದ, ಮತ್ತೊಬ್ಬ, "ಹಾಲಿನ ಡಬ್ಬಿ, ಮಗೂಗೆ." ಕೈಗಳು ಒಂದೊಂದಾಗಿ ಎದ್ದವು. ಎಲ್ಲರೂ 'ನನ್ನದೊಂದರಿಂದ ಏನಾದೀತು' ಎಂದುಕೊಂಡವರೇ.

"ಇದೇನು ಯುದ್ಧದ ದೋಣಿಯೋ, ದಿನಸಿ ಅಂಗಡಿಯೋ?" ಎಂದ ಲೂಡರ್ಸ್. ಆಮೇಲೆ ಯಾರ ಮುಖವನ್ನೂ ನೋಡದೆ, "ನನ್ನ ಮಂಚದ ಕೆಳಗೆ ಕಾಫಿಬೀಜದ ಮೂಟೆ ಇದೆ. ಅದನ್ನೂ ಹೊತ್ಕೊಂಡು ಹಿಂದಕ್ಕೆ ಓಡಿ," ಎಂದ.

ಉಸಿರಿಲ್ಲದವರು ಅಂದು ಹೇಗೆ ನಕ್ಕರೋ ತಿಳಿಯದು. ತಮ್ಮ ತಮ್ಮ ಮನೆಯ ಅನ್ನವನ್ನು ಎದೆಗವಚಿಕೊಂಡು, ಮುಂದಿನ ಕೋಣೆಯಿಂದ ಬಾಲದವರೆಗೆ ಆ ಓಣಿಯಲ್ಲಿ ಅವರು ಕೊನೆಯ ಬಾರಿ ಓಡಿದರು. ನಡುವೆ ಕವಾಟದ ಚಕ್ರಕ್ಕೆ ಸಿಕ್ಕಿ ಐಲರ್ಟನ ಗಂಟು ಹರಿಯಿತು; ಹರಳುಗಳು ನೆಲದ ಸಂದುಗಳಿಂದ ಎಣ್ಣೆನೀರಿಗೆ ಉದುರಿದವು. ಅವನು ನಿಲ್ಲಲಿಲ್ಲ, ನಿಂತರೆ ಹಿಂದಿನವರು ಮುಗ್ಗರಿಸುತ್ತಿದ್ದರು. ಎಲ್ಲರೂ ಬಾಲದಲ್ಲಿ ಒತ್ತೊತ್ತಾಗಿ ನಿಂತಾಗ ದೋಣಿ ನರಳಿ, ಹೊರಳಿ, ಮೂತಿಯನ್ನು ಕೆಸರಿನಿಂದ ಮೆಲ್ಲನೆ ಎಳೆದುಕೊಂಡಿತು. ಮೇಲೆ ಬಂದು ಮುಚ್ಚಳ ತೆರೆದಾಗ ಒಳನುಗ್ಗಿದ ತಣ್ಣನೆಯ ಗಾಳಿಗೆ ಗಡ್ಡ ಬಂದ ಗಂಡಸರು ಮಕ್ಕಳಂತೆ ಅತ್ತರು.

ಮನೆಗೆ ಬಂದಾಗ ಕೋಟಿನ ಜೇಬಿನ ಮೂಲೆಯಲ್ಲಿ ಒಂದೇ ಒಂದು ಹರಳು ಉಳಿದಿತ್ತು. ಅವನು ಅದನ್ನು ತಾಲ್ಕೆಯ ಬಟ್ಟಲಿಗೆ ಹಾಕಿದ. ಅವಳು ಸೇಬಿನ ಸಿಪ್ಪೆಯ ಕಷಾಯ ಸುರಿದಳು, ಹರಳು ಬಿರಿಯಿತು, ಇಬ್ಬರೂ ಆ ಸದ್ದನ್ನು ಪೂರ್ತಿ ಕೇಳಿದರು.

"ಎಣ್ಣೆ ವಾಸನೆ ಕಣ್ರಿ."

"ಅಷ್ಟೇನಿಲ್ಲ..." ಎಂದವನು ಮಾತು ಮುಗಿಸಲಾರದೆ ನಿಂತ. ಆಮೇಲೆ ಕೆಸರಿನ ಕಥೆಯನ್ನೂ ಹೇಳಿದ, ಅದಕ್ಕಿಂತ ಹಿಂದಿನದನ್ನೂ ಹೇಳಿದ. "ನಾವು ಮುಳುಗಿಸಿದ ಆ ಹಡಗಿನ ಅಡುಗೆಯವ ದೋಣೀಲಿ ಕೂತು ನಾನು ಗಂಟು ಹೊತ್ತು ಇಳಿಯೋದನ್ನೇ ನೋಡ್ತಿದ್ದ, ತಾಲ್ಕೆ. ದಡ ದೂರ ಇತ್ತು. ಮುಟ್ಟಿದ್ನೋ ಇಲ್ವೋ."

"ಅವನ ಮನೇಲೂ ಒಬ್ಳು ಬಟ್ಲು ಇಟ್ಕೊಂಡು ಕೂತಿರ್ತಾಳೆ," ಎಂದಳು ತಾಲ್ಕೆ. ಬಟ್ಟಲನ್ನು ಅವನ ಕಡೆಗೆ ಸರಿಸಿ ಅರ್ಧ ಕುಡಿಸಿದಳು, ಉಳಿದರ್ಧ ತಾನು ಕುಡಿದಳು. ಹೊರಡುವಾಗ ಬಾಕಿಬಿಟ್ಟ ಮೂರನೆಯದು ಮುಗಿಯಿತು; ಸಾಕೆನ್ನುವ ಆ ಚಮಚವನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ.

ಯುದ್ಧ ಮುಗಿದು, ಐಲರ್ಟ್ ಮುದುಕನಾಗಿ, ಏರಿಯ ಮೇಲೆ ಅದೇ ಕಾಣದ ಕೊಳವೆಗಳ ಕೆಳಗೆ ನುಸುಳುತ್ತ ನಡೆಯುವಾಗ, ಹೊಸ ಹುಡುಗರು ಅದನ್ನು ಬೆನ್ನಿನ ರೋಗವೆಂದುಕೊಂಡರು. ಲೋಕದಲ್ಲಿ ತೂಕ ತಪ್ಪಿಸುವವರು ಎಲ್ಲರೂ. ಬಹುಪಾಲು ಪ್ರೀತಿಗಾಗಿಯೇ ತಪ್ಪಿಸುತ್ತಾರೆ. ಕತ್ತಲೆಯ ತಳದಲ್ಲಿ, ಎಲ್ಲರೂ ಬಾಯಿ ಮುಚ್ಚಿ ಮಲಗಿರುವಾಗ, 'ಅದು ನನ್ನದು' ಎಂದು ಮೊದಲು ಏಳುವವರು ಮಾತ್ರ ಕೆಲವೇ ಜನ. ಅಂಥವರು ತಲೆ ಎತ್ತಿ ನಡೆದದ್ದನ್ನು ನಾವು ನೋಡಿಯೇ ಇಲ್ಲ, ಆದರೆ ಅವರ ಹಿಂದೆ ಮೇಲೆದ್ದು ಬಂದವರೆಲ್ಲ ಇವತ್ತಿಗೂ ಗಾಳಿ ಕುಡಿಯುತ್ತಿದ್ದಾರೆ.